ಹಳೆಯ ಕಾರಿಗೆ ಹೊಸ ಕಂಠ

ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ನಿರ್ಮಾಣಗೊಂಡ ಎಂ.ಜಿ.ಬಿ. ಎಂಬ ಕ್ರೀಡಾಕಾರನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಅದರ ಬಾಗಿಲಿನ ಒಳಹಲಗೆಗೆ ಉತ್ತಮ ಸ್ಪೀಕರನ್ನೇ ಜೋಡಿಸಿದರೂ ಕೆಲವೊಮ್ಮೆ ಮಂದ್ರಸ್ವರಗಳು ಕೇಳಿಸುವುದೇ ಇಲ್ಲ. ಕಾರಣವೇನು?

ಸ್ಪೀಕರಿನ ಶಂಕು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ವಿರಳವಾಗುತ್ತದೆ. ಇವೆರಡೂ ಅಂಚನ್ನು ಬಳಸಿ ಬಂದು ಕೂಡಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಸೆಕೆಂಡಿಗೆ 100 ಕಂಪನಗಳುಳ್ಳ ನಾದದ ತರಂಗದೂರ ಸುಮಾರು 3.4 ಮೀಟರು, ಅದರ ಮುಂದೆ ಅಂಗೈಯಗಲದ ಸ್ಪೀಕರು ಎಷ್ಟರದು? ಆದುದರಿಂದ ಹಲಗೆಯ ಮೊದಲ ಕೆಲಸ ಅಲಂಕಾರವಲ್ಲ, ಹಿಂದುಮುಂದಿನ ಗಾಳಿಯನ್ನು ಬೇರ್ಪಡಿಸುವುದು.

ಮೂಲ ಹಲಗೆ ಒತ್ತಿದ ಮರನಾರಿನದು. ತೆಳುವಾದುದರಿಂದ ತಾನೂ ಕಂಪಿಸುತ್ತದೆ; ಬಾಗಿಲಿನೊಳಗೆ ಇಳಿಯುವ ಮಳೆನೀರನ್ನು ಹೀರಿ ಸೊಟ್ಟಗಾಗುತ್ತದೆ. ಹಾಗೆಂದು ಅದನ್ನೇ ಕೊರೆಯುವುದು ಅವಿವೇಕ. ಹಳೆಯ ಕಾರಿನ ಬೆಲೆಯಲ್ಲಿ ಮೂಲಭಾಗಗಳಿಗೂ ಪಾಲುಂಟು. ಕೊರೆದ ತೂತನ್ನು ಕುರುಹಿಲ್ಲದಂತೆ ಮುಚ್ಚಲಾಗದು. ಅದನ್ನು ಬಿಚ್ಚಿ, ಅದರದೇ ಅಳತೆಗೆ 6 ಮಿ.ಮೀ. ಪ್ಲೈವುಡ್ಡಿನಲ್ಲಿ ಮತ್ತೊಂದನ್ನು ಕತ್ತರಿಸಿಕೊಂಡು, ಮೂಲವನ್ನು ಜೋಪಾನವಾಗಿರಿಸಬೇಕು. ರಂಧ್ರ ಕೊರೆಯುವ ಮುನ್ನ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಅದು ಸ್ಪೀಕರಿನ ಅಯಸ್ಕಾಂತಕ್ಕೆ ತಾಗದೆಂದು ಖಚಿತಪಡಿಸಿಕೊಳ್ಳಬೇಕು. ಇದನ್ನು ಮರೆಯುವುದು ಬಹು ಸುಲಭ!

ಹೊಸ ಹಲಗೆಯ ಎರಡೂ ಮುಖಗಳಿಗೆ ವಾರ್ನಿಷ್ ಬಳಿಯಬೇಕು. ಅಂಚುಗಳಿಗೆ ಇನ್ನೂ ಒಂದು ಲೇಪ ಹೆಚ್ಚಾಗಿರಲಿ. ಕತ್ತರಿಸಿದ ನಾರುಗಳ ತುದಿ ಅಲ್ಲಿ ತೆರೆದಿರುವುದರಿಂದ ನೀರು ಬೇಗ ಹೊಗುತ್ತದೆ. ಮೇಲೆ ತೆಳು ಸ್ಪಂಜು, ಅದರ ಮೇಲೆ ಹಳೆಯ ಬಣ್ಣದ್ದೇ ವಿನೈಲ್ ಹೊದಿಕೆ. ಸ್ಪೀಕರಿನ ಅಂಚಿನಡಿ ರಬ್ಬರ್ ಪಟ್ಟಿಯಿದ್ದರೆ ಗಾಳಿ ನುಸುಳದು. ಇಷ್ಟಾದರೂ, ಮೇಲ್ಹೊದಿಕೆ ತೆಗೆದು ವೇಗವಾಗಿ ಸಾಗುವಾಗಿನ ಗಾಳಿಯ ಭೋರ್ಗರೆತಕ್ಕೆ ಯಾವ ಹಲಗೆಯಲ್ಲಿಯೂ ಮದ್ದಿಲ್ಲ.