ಶಾಯಿಗೆ ತಕ್ಕ ಹಾಳೆ

ಇಂಕ್ ಪೆನ್ನು ಕೊಳ್ಳುವವರು ನಿಬ್ಬನ್ನು ಹತ್ತು ಸಲ ಪರೀಕ್ಷಿಸುತ್ತಾರೆ, ಶಾಯಿಯ ಬಣ್ಣ ಆರಿಸಲು ಗಂಟೆಗಟ್ಟಲೆ ಕೂರುತ್ತಾರೆ. ಬರೆಯುವ ಪುಸ್ತಕವನ್ನು ಮಾತ್ರ ಕೈಗೆ ಸಿಕ್ಕಿದ್ದು ತರುತ್ತಾರೆ. ಬರೆಯಹೊರಟರೆ ಅಕ್ಷರದ ಅಂಚಿನಿಂದ ಶಾಯಿ ಎಳೆಎಳೆಯಾಗಿ ಹರಡುತ್ತದೆ, ಹಿಂಬದಿಗೆ ಇಳಿದು ಆ ಪುಟವನ್ನೂ ಕೆಡಿಸುತ್ತದೆ. ದೂರು ಪೆನ್ನಿನ ಮೇಲೆ ಬರುತ್ತದೆ. ತಪ್ಪು ಬಹುಪಾಲು ಹಾಳೆಯದು.

ಬಾಲ್ ಪೆನ್ನಿನ ಶಾಯಿಯಲ್ಲಿ ಎಣ್ಣೆಯಂಶವಿದೆ, ಅದು ಮಂದ. ಹಾಗಾಗಿ ಎಂಥ ಕಾಗದದ ಮೇಲೂ ಕೂರುತ್ತದೆ. ಇಂಕ್ ಪೆನ್ನಿನ ಶಾಯಿ ಹೆಚ್ಚುಕಡಿಮೆ ಬಣ್ಣ ಕರಗಿಸಿದ ನೀರು. ಕಾಗದವೋ ಮರ, ಬಿದಿರು ಅಥವಾ ಹತ್ತಿಯ ನಾರಿನ ಹೆಣಿಗೆ. ನಾರುಗಳ ನಡುವಿನ ಸಂದು ನೀರನ್ನು ಎಳೆದುಕೊಳ್ಳುತ್ತದೆ. ಇದನ್ನು ತಡೆಯಲು ಗಿರಣಿಗಳಲ್ಲಿ ತಿರುಳಿಗೆ ನೀರು ಹಿಡಿಯದ ರಾಸಾಯನಿಕ ಬೆರೆಸುತ್ತಾರೆ, ಹಾಳೆಯಾದ ಮೇಲೆ ಮೈಗೆ ಪಿಷ್ಟದ ಲೇಪ ಕೊಡುತ್ತಾರೆ. ಪಂಚೆಗೆ ಗಂಜಿ ಹಾಕುವಂಥದೇ ಈ ಕೆಲಸಕ್ಕೆ ಸೈಜಿಂಗ್ ಎಂದು ಹೆಸರು. ಬ್ಲಾಟಿಂಗ್ ಪೇಪರಿಗೆ ಈ ಉಪಚಾರವಿಲ್ಲ, ಅದಕ್ಕೇ ಅದು ಶಾಯಿ ಹೀರುತ್ತದೆ.

ಈ ವಿದ್ಯೆ ಯಂತ್ರಗಳಿಗಿಂತ ಹಳೆಯದು. ಕೈಯಿಂದ ಕಾಗದ ಮಾಡುತ್ತಿದ್ದ ನಮ್ಮ ದೇಶದ ಕಾಗಜಿಗಳು ಹಾಳೆಗೆ ಗಂಜಿ ಸವರಿ, ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ಜೊಂಡಿನ ಲೇಖನಿ ತಡೆಯಿಲ್ಲದೆ ಸಾಗುತ್ತಿದ್ದದ್ದು ಆ ಮೈಮೇಲೆ. ದೌಲತಾಬಾದಿನ ಬಳಿಯ ಕಾಗಜಿಪುರ ಇಂದಿಗೂ ಆ ಕಸುಬಿನ ಹೆಸರನ್ನೇ ಹೊತ್ತಿದೆ.

ಕೊಳ್ಳುವವರು ಮೊದಲು ಕೇಳುವುದು ಹಾಳೆ ಎಷ್ಟು ಜಿಎಸ್‌ಎಂ ಎಂದು. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ದಪ್ಪ ಹಾಳೆಯಲ್ಲಿ ಹಿಂಬದಿಯ ಬರಹ ಕಡಿಮೆ ಕಾಣುತ್ತದೆ, ನಿಜ. ಆದರೆ ಶಾಯಿ ಹರಡದಂತೆ ಕಾಯುವುದು ಸೈಜಿಂಗ್, ತೂಕವಲ್ಲ. ಜಪಾನಿನ ಟೊಮೊಎ ರಿವರ್ ಕಾಗದವೇ ಇದಕ್ಕೆ ಸಾಕ್ಷಿ. 52 ಜಿಎಸ್‌ಎಂನ ಆ ತೆಳು ಹಾಳೆಯ ಹಿಂಬದಿಯಲ್ಲಿ ಅಕ್ಷರದ ನೆರಳು ಕಂಡರೂ ಶಾಯಿ ಇಳಿಯುವುದು ಅಪರೂಪ. ಹೋಬೋನಿಚಿ ದಿನಚರಿಗಳು ಹೆಸರು ಮಾಡಿದ್ದರಲ್ಲಿ ಈ ಕಾಗದದ ಪಾಲು ದೊಡ್ಡದು. ಸೈಜಿಂಗ್ ಸರಿಯಿಲ್ಲದಿದ್ದರೆ 100 ಜಿಎಸ್‌ಎಂನ ಹಾಳೆಯೂ ಶಾಯಿ ಕುಡಿಯುತ್ತದೆ.

ಕನ್ನಡ ಬರೆಯುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಪ ಮತ್ತು ಫ, ದ ಮತ್ತು ಧ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಪ ಅಕ್ಷರದ ಹೊಟ್ಟೆಯೊಳಗೊಂದು ಗೀಟು ಬಿದ್ದರೆ ಷ. ಶಾಯಿ ಕೂದಲೆಳೆಯಷ್ಟು ಹರಡಿದರೂ ಸೀಳು ಮುಚ್ಚಿಹೋಗುತ್ತದೆ, ಒತ್ತಕ್ಷರದ ಸುರುಳಿ ತುಂಬಿಕೊಂಡು ಮಚ್ಚೆಯಾಗುತ್ತದೆ. ಸಣ್ಣ ಅಕ್ಷರದವರು ಸಪೂರ ನಿಬ್ಬಿನ ಜೊತೆ ಬಿಗಿ ಮೈಯ ಹಾಳೆಯನ್ನೇ ಹುಡುಕಬೇಕು.

ಅಂಗಡಿಯಲ್ಲಿ ಪರೀಕ್ಷಿಸುವುದು ಸುಲಭ. ನಿಮ್ಮದೇ ಪೆನ್ನು, ನಿಮ್ಮದೇ ಶಾಯಿ ಒಯ್ಯಿರಿ. ಅಂಗಡಿಯವರನ್ನು ಕೇಳಿ ಕೊನೆಯ ಪುಟದಲ್ಲಿ ಹೆಸರು ಬರೆಯಿರಿ. ಒಂದು ಗೆರೆಯನ್ನು ನಿಧಾನವಾಗಿ ಎಳೆಯಿರಿ. ನಿಬ್ಬನ್ನು ಒಂದೇ ಕಡೆ ಮೂರು ಎಣಿಸುವಷ್ಟು ಹೊತ್ತು ಊರಿ ಎತ್ತಿರಿ. ಚುಕ್ಕಿ ದುಂಡಗೆ ನಿಂತರೆ, ಗೆರೆಯ ಅಂಚು ನೇರವಾಗಿದ್ದರೆ, ಪುಟ ತಿರುವಿದಾಗ ಕಲೆ ಕಾಣದಿದ್ದರೆ ಪುಸ್ತಕ ಒಳ್ಳೆಯದು. ಬರೆದದ್ದು ಒಣಗಲು ಎಷ್ಟು ಹೊತ್ತು ಹಿಡಿಯಿತೆಂದೂ ಗಮನಿಸಿ. ಶಾಯಿ ಒಳಗಿಳಿಯದ ಹಾಳೆಯಲ್ಲಿ ಅದು ಮೇಲೇ ನಿಂತು ತಡವಾಗಿ ಒಣಗುತ್ತದೆ. ದಿನಚರಿ ಬರೆಯುವವರಿಗೆ ಅದರಿಂದ ತೊಂದರೆಯಿಲ್ಲ. ತರಗತಿಯಲ್ಲಿ ಅವಸರದಿಂದ ಪುಟ ಮಗುಚುವ ವಿದ್ಯಾರ್ಥಿಗೂ ಎಡಗೈಯಲ್ಲಿ ಬರೆಯುವವರಿಗೂ ಬೇಗ ಒಣಗುವ ಹಾಳೆಯೇ ವಾಸಿ.

ಹೆಸರಾಂತ ಪುಸ್ತಕಗಳಲ್ಲಿ ಫ್ರಾನ್ಸಿನ ಕ್ಲೇರ್‌ಫೊಂಟೇನ್ ಮುಂಚೂಣಿಯಲ್ಲಿದೆ. 1858ರಲ್ಲಿ ವೋಜ್ ಪ್ರಾಂತ್ಯದಲ್ಲಿ ಆರಂಭವಾದ ಈ ಗಿರಣಿ ತನ್ನ ಪುಸ್ತಕಗಳಿಗೆ ಬೇಕಾದ 90 ಜಿಎಸ್‌ಎಂ ಕಾಗದವನ್ನು ತಾನೇ ತಯಾರಿಸುತ್ತದೆ. ಕಿತ್ತಳೆ ರಟ್ಟಿನ ರೋಡಿಯಾ 1934ರಿಂದ ಬಂದದ್ದು, ಈಗ ಅದೇ ಬಳಗದ್ದು. ಎರಡರ ಮೇಲೂ ನಿಬ್ಬು ಜಾರಿದಂತೆ ಓಡುತ್ತದೆ. ಜಪಾನಿನ ಮಿಡೋರಿ ಎಂಡಿ ಕಾಗದ ತುಸು ತಡೆ ಕೊಡುತ್ತದೆ. ಬರೆಯುವಾಗ ಕೈಗೆ ಹಿಡಿತ ಬೇಕೆನ್ನುವವರಿಗೆ ಅದು ಹಿತ. ಇವೆಲ್ಲ ಆಮದು ಸರಕು, ಬೆಲೆ ದುಬಾರಿ.

ದಿನನಿತ್ಯದ ಬರವಣಿಗೆಗೆ ಬೇರೆ ದಾರಿಯಿದೆ. ಕಾಗದದ ಅಂಗಡಿಗಳಲ್ಲಿ ಬಾಂಡ್ ಪೇಪರ್, ಲೆಡ್ಜರ್ ಪೇಪರ್ ಬಿಡಿಯಾಗಿ ಸಿಗುತ್ತವೆ. ಕೈಬರಹಕ್ಕೆಂದೇ ಬೆಳೆದುಬಂದ ಕಾಗದಗಳಿವು. ಬಗೆಗೆ ನಾಲ್ಕಾರು ಹಾಳೆ ತಂದು ಬರೆದು ನೋಡಿ, ಒಪ್ಪಿಗೆಯಾದದ್ದನ್ನು ರೀಮುಗಟ್ಟಲೆ ಕೊಳ್ಳಿ. ಒಂದೇ ಹೆಸರಿನ ಎರಡು ರೀಮುಗಳೂ ಬೇರೆ ಬೇರೆಯಾಗಿರಬಹುದಾದ್ದರಿಂದ ಮುಂದಿನ ಸಲ ಮತ್ತೆ ಪರೀಕ್ಷಿಸಬೇಕು. ಊರಿನ ಬೈಂಡಿಂಗ್ ಅಂಗಡಿಗೆ ಕೊಟ್ಟು ಹಾಳೆಗಳನ್ನು ಮಡಿಕೆ ಮಾಡಿ ದಾರದಲ್ಲಿ ಹೊಲಿಸಿ. ಬರೀ ಅಂಟು ಹಾಕಿದ ಪುಸ್ತಕ ಅಗಲಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಒತ್ತಿದರೆ ಬೆನ್ನು ಮುರಿಯುತ್ತದೆ. ಹೊಲಿದದ್ದು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ನಿಬ್ಬು ಅಂಚಿನವರೆಗೂ ಸಲೀಸಾಗಿ ಹೋಗುತ್ತದೆ.

ಹೀಗೆ ಮಾಡಿಸಿಕೊಂಡ ಪುಸ್ತಕದ ಅಳತೆ, ಗೆರೆ, ರಟ್ಟು ಎಲ್ಲವೂ ನಿಮ್ಮ ಇಷ್ಟದ್ದು. ಎರಡು ಬದಿಯೂ ಬರೆಯಲು ಬರುವುದರಿಂದ ಕಾಗದವೂ ದಂಡವಾಗುವುದಿಲ್ಲ. ಹೊಸ ಪೆನ್ನಿಗಾಗಿ ಹಣ ಕೂಡಿಡುತ್ತಿರುವವರು ಅದರಲ್ಲಿ ಒಂದು ಪಾಲನ್ನು ಮೊದಲು ಹಾಳೆಗೆ ಖರ್ಚು ಮಾಡಲಿ. ಕೈಯಲ್ಲಿರುವ ಹಳೆಯ ಪೆನ್ನೇ ಎಷ್ಟು ಚೆನ್ನಾಗಿ ಬರೆಯಬಲ್ಲದು ಎಂಬುದು ಆಗ ಗೊತ್ತಾಗುತ್ತದೆ.