ಖಾದಿಗೆ ಸಿಕ್ಕ ಆಸ್ಕರ್

1983ರ ಏಪ್ರಿಲ್ 11. ಲಾಸ್ ಏಂಜಲೀಸ್‌ನಲ್ಲಿ 55ನೇ ಆಸ್ಕರ್ ಸಮಾರಂಭ. ಅತ್ಯುತ್ತಮ ವಸ್ತ್ರವಿನ್ಯಾಸದ ಪ್ರಶಸ್ತಿಗೆ ಐದು ಚಿತ್ರಗಳು ಕಣದಲ್ಲಿದ್ದವು. 'ಲಾ ತ್ರಾವಿಯಾತಾ'ದಲ್ಲಿ ಇಟಲಿಯ ಪಿಯೆರೊ ತೋಸಿ ರೂಪಿಸಿದ, ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ಸಿನ ಭರ್ಜರಿ ಗೌನುಗಳಿದ್ದವು. 'ವಿಕ್ಟರ್/ವಿಕ್ಟೋರಿಯಾ'ದಲ್ಲಿ 1930ರ ದಶಕದ ನೈಟ್‌ಕ್ಲಬ್ಬಿನ ಥಳುಕು. 'ಟ್ರಾನ್'ನಲ್ಲಿ ಕಂಪ್ಯೂಟರಿನ ಒಳಗೇ ಬದುಕುವ ಜನರ ಮೈಮೇಲೆ ಬೆಳಕಿನ ಗೆರೆಗಳು. 'ಸೋಫೀಸ್ ಚಾಯ್ಸ್' ಎರಡನೇ ಮಹಾಯುದ್ಧದ ಗಾಯ ಹೊತ್ತ ಹೆಣ್ಣಿನ ಕಥೆ. ಐದನೆಯದು 'ಗಾಂಧಿ'. ಅದರ ನಾಯಕ ಸೂಟಿನಲ್ಲಿ ಶುರುವಾಗಿ, ಒಂದೊಂದೇ ಬಟ್ಟೆ ಬಿಡುತ್ತಾ ಹೋಗಿ, ಕೊನೆಗೆ ಮೊಣಕಾಲೂ ಮುಚ್ಚದ ತುಂಡು ಪಂಚೆಗೆ ಬಂದು ನಿಲ್ಲುತ್ತಾನೆ. ಪ್ರಶಸ್ತಿ ಬಂದದ್ದು ಈ ಚಿತ್ರಕ್ಕೆ. ಅದನ್ನು ಹಂಚಿಕೊಂಡವರು ಬ್ರಿಟನ್ನಿನ ಜಾನ್ ಮೊಲ್ಲೊ ಮತ್ತು ನಮ್ಮ ಭಾನು ಅಥೈಯಾ. ಭಾನು ಆಸ್ಕರ್ ಗೆದ್ದ ಮೊದಲ ಭಾರತೀಯರಾದರು.

ಪಂಚೆ ಉಡಿಸುವುದರಲ್ಲಿ ವಿನ್ಯಾಸವೇನು ಬಂತು ಎಂದು ಯಾರಾದರೂ ಕೇಳಬಹುದು. ಖಾದಿ ಭಂಡಾರಕ್ಕೆ ಹೋಗಿ ಒಂದಷ್ಟು ಮೊಳ ಬಟ್ಟೆ ತಂದರಾಯಿತಲ್ಲ? ಈ ಪ್ರಶ್ನೆಗೆ ಸಮಾಧಾನದಿಂದ ಉತ್ತರ ಹುಡುಕುತ್ತಾ ಹೋದರೆ ಸಿನಿಮಾ ವಸ್ತ್ರವಿನ್ಯಾಸ ಅನ್ನುವ ಕಸುಬಿನ ಒಳಗುಟ್ಟೆಲ್ಲ ಬಿಚ್ಚಿಕೊಳ್ಳುತ್ತದೆ.

ಮೊದಲು ಪ್ರಶಸ್ತಿಯ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಆಸ್ಕರ್ ಶುರುವಾಗಿ ಎರಡು ದಶಕಗಳವರೆಗೆ ಉಡುಪಿಗೆ ಪ್ರತ್ಯೇಕ ಪ್ರಶಸ್ತಿಯೇ ಇರಲಿಲ್ಲ. 1949ರ ಸಮಾರಂಭದಲ್ಲಿ ಅದು ಬಂದಾಗ ಕಪ್ಪು-ಬಿಳುಪು ಚಿತ್ರಕ್ಕೊಂದು, ಬಣ್ಣದ ಚಿತ್ರಕ್ಕೊಂದು ಎಂದು ಎರಡು ಪ್ರಶಸ್ತಿ ಇಟ್ಟರು. ಅದಕ್ಕೆ ಕಾರಣವಿತ್ತು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಕೆಂಪು ಸೀರೆಯೂ ಕಡುಹಸಿರು ಸೀರೆಯೂ ಒಂದೇ ಬೂದಿಬಣ್ಣವಾಗಿ ಕಾಣಬಹುದು. ಅಲ್ಲಿ ಕೆಲಸ ಮಾಡುವವರು ಬಣ್ಣವನ್ನು ಮರೆತು ಬಟ್ಟೆಯ ಹೊಳಪು, ನೇಯ್ಗೆ, ನೆರಿಗೆಯ ನೆರಳು ಇವನ್ನೇ ನೆಚ್ಚಬೇಕು. ಬಣ್ಣದ ಚಿತ್ರದ ಲೆಕ್ಕವೇ ಬೇರೆ. ಆ ಕಾಲದ ಹಾಲಿವುಡ್ಡಿನ ಮಹಾರಾಣಿ ಈಡಿತ್ ಹೆಡ್ 35 ಬಾರಿ ನಾಮನಿರ್ದೇಶನಗೊಂಡು ಎಂಟು ಆಸ್ಕರ್ ಗೆದ್ದರು. ಕಪ್ಪು-ಬಿಳುಪು ಚಿತ್ರಗಳ ಕಾಲ ಮುಗಿಯುತ್ತಿದ್ದಂತೆ, 1960ರ ದಶಕದ ಕೊನೆಯಲ್ಲಿ, ಎರಡೂ ಪ್ರಶಸ್ತಿಗಳು ಒಂದಾದವು.

ಅಂದಿನಿಂದ ಇಂದಿನವರೆಗೆ ಗೆದ್ದವರ ಪಟ್ಟಿಯ ಮೇಲೆ ಕಣ್ಣಾಡಿಸಿದರೆ ಒಂದು ಒಲವು ಎದ್ದು ಕಾಣುತ್ತದೆ. ರಾಜರಾಣಿಯರ ಕಾಲದ ಕಥೆ, ಇಲ್ಲವೇ ಯಾರೂ ಕಾಣದ ಲೋಕದ ಕಥೆ. 'ಡ್ರಾಕುಲಾ'ಗೆ ಜಪಾನಿನ ಏಯ್ಕೊ ಇಶಿಯೋಕಾ, 'ಬ್ಲ್ಯಾಕ್ ಪ್ಯಾಂಥರ್'ಗೆ ರೂತ್ ಕಾರ್ಟರ್ ಪಡೆದ ಪ್ರಶಸ್ತಿಗಳು ಎಲ್ಲರೂ ಮೆಚ್ಚುವಂಥವೇ. ಆದರೆ ಈಗಿನ ಕಾಲದ ಮನೆ, ಕಚೇರಿ, ಬಸ್‌ಸ್ಟ್ಯಾಂಡುಗಳಲ್ಲಿ ನಡೆಯುವ ಕಥೆಗೆ ಬಟ್ಟೆ ಹೊಂದಿಸಿದವರ ಹೆಸರು ಅಲ್ಲಿ ಅಪರೂಪ. ಅಮೆರಿಕದ ವಸ್ತ್ರವಿನ್ಯಾಸಕರ ಸಂಘಕ್ಕೆ ಈ ಓರೆ ಚೆನ್ನಾಗಿ ಗೊತ್ತಿತ್ತು. ಅದು 1999ರಲ್ಲಿ ತನ್ನದೇ ಪ್ರಶಸ್ತಿ ಶುರುಮಾಡಿ, ಮುಂದೆ ಹಳೆಯ ಕಾಲದ ಚಿತ್ರ, ಕಲ್ಪನಾಲೋಕದ ಚಿತ್ರಗಳ ಜೊತೆಗೆ ಸಮಕಾಲೀನ ಚಿತ್ರಕ್ಕೂ ಬೇರೆ ಸಾಲು ಕೊಟ್ಟಿತು. ಕಸುಬುದಾರರ ಕಣ್ಣಿಗೆ ಕಾಣುವ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ.

ಆ ಕಷ್ಟ ಕಾಗದದ ಮೇಲೆ ಶುರುವಾಗುತ್ತದೆ. ಚಿತ್ರಕಥೆ ಕೈಗೆ ಬಂದ ಮೇಲೆ ವಿನ್ಯಾಸಕರು ಅದನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಒಂದು ಪಟ್ಟಿ ಮಾಡುತ್ತಾರೆ. ಯಾವ ಪಾತ್ರ, ಯಾವ ವರ್ಷ, ಯಾವ ಋತು, ಬೆಳಗೋ ಸಂಜೆಯೋ, ಮನೆಯೊಳಗೋ ಹೊರಗೋ, ಎಷ್ಟು ಸಲ ಉಡುಪು ಬದಲು. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಮುದುಕನ ಸಾವನ್ನು ಮೊದಲ ವಾರ ತೆಗೆದು ಅವನ ಯೌವನವನ್ನು ನಾಲ್ಕು ತಿಂಗಳ ನಂತರ ತೆಗೆಯಬಹುದು. ಹಾಗಾಗಿ ಕಂಟಿನ್ಯುಯಿಟಿ, ಅಂದರೆ ದೃಶ್ಯದಿಂದ ದೃಶ್ಯಕ್ಕೆ ಹೊಂದಾಣಿಕೆ, ತಪ್ಪದಂತೆ ಪ್ರತಿ ಉಡುಪಿನ ಗುಂಡಿ, ಮಡಿಕೆ, ಕಲೆಯ ದಾಖಲೆ ಇಡಬೇಕು. ರಕ್ತ, ಕೆಸರು, ಮಳೆಯ ದೃಶ್ಯವಿದ್ದರೆ ಅದೇ ಉಡುಪಿನ ಮೂರು ನಾಲ್ಕು ಪ್ರತಿಗಳು ಸಿದ್ಧವಿರಬೇಕು. ಒಂದೇ ಟೇಕಿನಲ್ಲಿ ಶಾಟ್ ಓಕೆ ಆಗುವ ಭರವಸೆ ಯಾರಿಗೂ ಇಲ್ಲ.

ಈ ಪಟ್ಟಿಯನ್ನು ಗಾಂಧೀಜಿಯ ಬದುಕಿಗೆ ಹಾಕಿ ನೋಡಿ. ಚಿತ್ರ ಹರಡಿಕೊಂಡಿರುವುದು 1893ರಿಂದ 1948ರವರೆಗೆ, ಐವತ್ತೈದು ವರ್ಷ. 1893ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಿಂದ ತಳ್ಳಿಸಿಕೊಂಡ ಯುವಕ ಸೂಟು ತೊಟ್ಟ ಬ್ಯಾರಿಸ್ಟರ್. ಅಲ್ಲಿನ ಕೂಲಿಗಳ ಪರವಾಗಿ 1913ರಲ್ಲಿ ಹೋರಾಡಿದ ಮೇಲೆ ಅವರು ಕೂಲಿಯವರದೇ ಲುಂಗಿ, ಕುರ್ತಾ ತೊಟ್ಟರು. 1915ರಲ್ಲಿ ಮುಂಬಯಿಯಲ್ಲಿ ಹಡಗಿನಿಂದ ಇಳಿದಾಗ ಕಾಠಿಯಾವಾಡಿ ಅಂಗರಖಾ, ಧೋತಿ, ಪೇಟ. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಅದನ್ನೆಲ್ಲ ಬಿಟ್ಟು ತುಂಡು ಪಂಚೆ ಉಟ್ಟರು. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋದದ್ದೂ ಚಕ್ರವರ್ತಿಯನ್ನು ಕಂಡದ್ದೂ ಅದೇ ಪಂಚೆ, ಮೇಲೊಂದು ಶಾಲಿನಲ್ಲಿ. ತನ್ನ ರಾಜಕೀಯವನ್ನು ಹೀಗೆ ಬಟ್ಟೆಯಲ್ಲೇ ಬರೆದವರ ಚಿತ್ರದಲ್ಲಿ ವಸ್ತ್ರವಿನ್ಯಾಸ ತಪ್ಪಿದರೆ ಕಥೆಯೇ ತಪ್ಪಿದಂತೆ. ಚಿತ್ರದಲ್ಲಿ ಗಾಂಧೀಜಿ ಹರಕು ಬಟ್ಟೆಯ ಹೆಂಗಸೊಬ್ಬಳನ್ನು ನದಿಯ ದಡದಲ್ಲಿ ಕಂಡು ತಮ್ಮ ಬಟ್ಟೆಯೊಂದನ್ನು ನೀರಿನಲ್ಲಿ ಅವಳೆಡೆಗೆ ತೇಲಿಬಿಡುವ ದೃಶ್ಯವಿದೆ. ಒಂದೂ ಮಾತಿಲ್ಲ. ಅಲ್ಲಿ ಅಭಿನಯಿಸುವುದು ಬಟ್ಟೆ.

ಕಸ್ತೂರ್ಬಾ ಪಾತ್ರವೂ ಅಷ್ಟೇ ಸೂಕ್ಷ್ಮ. ದಕ್ಷಿಣ ಆಫ್ರಿಕಾಕ್ಕೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಾಗ, ಸುಧಾರಿಸಿದವರಂತೆ ಕಾಣಲಿ ಎಂದು ಹೆಂಡತಿಗೆ ಪಾರ್ಸಿ ರೀತಿಯ ಸೀರೆ, ಮಕ್ಕಳಿಗೆ ಪಾರ್ಸಿ ಕೋಟು ಹಾಕಿಸಿದ್ದನ್ನು ಗಾಂಧೀಜಿಯೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸೀರೆ ಉಡುವ ರೀತಿಯೊಂದೇ ಊರು, ಜಾತಿ, ಅಂತಸ್ತು ಎಲ್ಲವನ್ನೂ ಹೇಳುವ ದೇಶ ನಮ್ಮದು. ಗುಜರಾತಿ ಹೆಂಗಸಿನ ಸೆರಗು ಬಲ ಹೆಗಲ ಮೇಲಿಂದ ಮುಂದಕ್ಕೆ ಬರುತ್ತದೆ. ಕೊಡವ ಹೆಂಗಸಿನ ನೆರಿಗೆ ಹಿಂದಿರುತ್ತದೆ. ಉತ್ತರ ಕರ್ನಾಟಕದ ಅಜ್ಜಿ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಾಳೆ. ಹೊರದೇಶದ ಪ್ರೇಕ್ಷಕರಿಗೆ ಈ ವ್ಯತ್ಯಾಸ ತಿಳಿಯಲಾರದು. ನಮ್ಮವರಿಗೆ ಮಾತ್ರ ನಟಿ ಬಾಯಿ ತೆರೆಯುವ ಮೊದಲೇ ತಿಳಿದುಹೋಗುತ್ತದೆ. ನಿರ್ದೇಶಕ ರಿಚರ್ಡ್ ಅಟೆನ್‌ಬರೋ ಭಾರತೀಯ ಉಡುಪುಗಳನ್ನು ಭಾನು ಅವರಿಗೆ ವಹಿಸಿದ್ದರ ಜಾಣತನ ಇಲ್ಲಿದೆ. ಸೇನಾ ಸಮವಸ್ತ್ರಗಳನ್ನು ಅರೆದು ಕುಡಿದಿದ್ದ, 'ಸ್ಟಾರ್ ವಾರ್ಸ್'ಗೆ ಆಗಲೇ ಆಸ್ಕರ್ ಪಡೆದಿದ್ದ ಮೊಲ್ಲೊ ಬ್ರಿಟಿಷರನ್ನು ನೋಡಿಕೊಂಡರು.

ಇನ್ನು ಬಿಳಿಯ ಕಥೆ. ಖಾದಿ ಅಂದರೆ ಬಿಳಿ, ಬಿಳಿ ಅಂದರೆ ಒಂದೇ ಅನ್ನುವುದು ಅಂಗಡಿಯ ಆಚೆ ನಿಂತವರ ಮಾತು. ಮಗ್ಗದಿಂದ ಇಳಿದ ಕೋರಾ ಬಟ್ಟೆಯ ಬಿಳಿಯಲ್ಲಿ ಹಳದಿ ಛಾಯೆ ಇರುತ್ತದೆ. ನೀಲಿ ಅದ್ದಿ, ಗಂಜಿ ಹಾಕಿ, ಇಸ್ತ್ರಿ ಮಾಡಿದ ಮುಂದಾಳಿನ ಜುಬ್ಬದ ಬಿಳಿ ಬೇರೆ. ಕೆರೆನೀರಿನಲ್ಲಿ ನೂರು ಸಲ ಒಗೆದ ರೈತನ ಪಂಚೆಯ ಬಿಳಿ ಇನ್ನೂ ಬೇರೆ. ವಿಧವೆಯ ಸೀರೆಯದು ಮತ್ತೊಂದು. ಪಟೇಲರ ಧೋತಿ, ನೆಹರೂ ಅವರ ಅಚ್ಕನ್, ಹೆಸರಿಲ್ಲದ ಸತ್ಯಾಗ್ರಹಿಯ ಟೋಪಿ ಒಂದೇ ಚೌಕಟ್ಟಿನಲ್ಲಿ ಕೂತಾಗ ಈ ಬಿಳಿಗಳೇ ಅವರವರ ಮನೆತನವನ್ನು ಹೇಳಬೇಕು. ಅವರ ನಡುವೆ ಜಿನ್ನಾ ಅವರ ಸೂಟು ಬೇರೆಯೇ ದಾರಿಯನ್ನು ಸೂಚಿಸುತ್ತದೆ. ಮೇಲಾಗಿ ಅಚ್ಚ ಬಿಳಿ ಕ್ಯಾಮೆರಾದ ವೈರಿ. ಬಿಸಿಲಿನಲ್ಲಿ ಅದು ಕಣ್ಣು ಕುಕ್ಕಿ, ನೆರಿಗೆಗಳನ್ನೂ ಕೆಲವೊಮ್ಮೆ ಮುಖವನ್ನೂ ನುಂಗಿಹಾಕುತ್ತದೆ. ಅದಕ್ಕೇ ಈ ಕಸುಬಿನವರು ಬಿಳಿ ಬಟ್ಟೆಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆಯುವುದು ಲೋಕದೆಲ್ಲೆಡೆ ಇರುವ ಪದ್ಧತಿ.

ಹೊಸ ಬಟ್ಟೆಯನ್ನು ಹಳತು ಮಾಡುವುದೇ ಒಂದು ಪ್ರತ್ಯೇಕ ವಿದ್ಯೆ. ಟೈಲರ್ ಹೊಲಿದು ಕೊಟ್ಟ ಅಂಗಿ ಎಷ್ಟೇ ಚೆನ್ನಾಗಿರಲಿ, ಅದು ಯಾರದೂ ಅಲ್ಲ. ಮರಳುಕಾಗದದಿಂದ ಮೊಣಕೈ, ಕಾಲರಿನ ಅಂಚು ಉಜ್ಜಬೇಕು. ತಂತಿ ಬ್ರಷ್ಷಿನಿಂದ ನೂಲು ಎಬ್ಬಿಸಬೇಕು. ಜೇಬಿನಲ್ಲಿ ಭಾರ ತುಂಬಿ ಒದ್ದೆ ಮಾಡಿ ಜೋತುಬಿಡಬೇಕು. ಮಣ್ಣು ಹಚ್ಚುವಾಗಲೂ ಲೆಕ್ಕವಿದೆ. ನೆಲದಲ್ಲಿ ಕೂರುವವನ ಪಂಚೆ ಹಿಂದೆ ಮಾಸುತ್ತದೆ, ನಡೆಯುವವನದು ಅಂಚಿನಲ್ಲಿ, ಒಲೆಯ ಮುಂದೆ ಕೂರುವವಳ ಸೆರಗು ಕೈ ಒರೆಸಿಕೊಳ್ಳುವ ಜಾಗದಲ್ಲಿ. ಎಲ್ಲಿ ಸವೆದಿದೆ ಅನ್ನುವುದರಲ್ಲೇ ಆ ಮನುಷ್ಯ ದಿನವಿಡೀ ಏನು ಮಾಡುತ್ತಾನೆ ಅನ್ನುವುದು ಇರುತ್ತದೆ.

ಆಮೇಲೆ ಜನಸಾಗರ. 1981ರ ಜನವರಿ 31ರಂದು ದೆಹಲಿಯಲ್ಲಿ ತೆಗೆದ ಶವಯಾತ್ರೆಯ ದೃಶ್ಯದಲ್ಲಿ ಮೂರು ಲಕ್ಷ ಜನ ಸೇರಿದ್ದರೆಂದು ಲೆಕ್ಕ. ಮೂರು ಲಕ್ಷ ಜನರಿಗೆ ಯಾರೂ ಬಟ್ಟೆ ಹೊಲಿಸಲಾರರು. ಇಂಥ ದೃಶ್ಯದಲ್ಲಿ ಜೂನಿಯರ್ ಆರ್ಟಿಸ್ಟ್‌ಗಳನ್ನು ಪದರ ಪದರವಾಗಿ ಯೋಚಿಸಬೇಕಾಗುತ್ತದೆ. ಕ್ಯಾಮೆರಾಕ್ಕೆ ಹತ್ತಿರದವರಿಗೆ ಅಡಿಯಿಂದ ಮುಡಿವರೆಗೆ ಆ ಕಾಲದ ಉಡುಪು, ಅವರ ಹಿಂದಿನವರಿಗೆ ಪೇಟ, ಟೋಪಿ, ಶಾಲು, ಇನ್ನೂ ಹಿಂದೆ ಬರೀ ಬಣ್ಣದ ಹರವು. ಹೆದರಿಕೆ ಇರುವುದು ಮುಂದಿನ ಸಾಲಿನ ಒಬ್ಬನ ಬಗ್ಗೆ. 1948ರ ಬೀದಿಯಲ್ಲಿ ಅವನ ಮೈಮೇಲೆ ಒಂದು ಪಾಲಿಯೆಸ್ಟರ್ ಷರಟು, ಕೈಯಲ್ಲೊಂದು ಡಿಜಿಟಲ್ ವಾಚು ಕಂಡರೆ ಅಷ್ಟೂ ಲಕ್ಷ ಜನರ ದುಃಖ ನಾಟಕವಾಗಿಬಿಡುತ್ತದೆ.

ಈ ಕಣ್ಣು ಭಾನು ಅವರಿಗೆ ಬಂದದ್ದು ಫ್ಯಾಷನ್ನಿನಿಂದಲ್ಲ, ಚಿತ್ರಕಲೆಯಿಂದ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಭಾನುಮತಿ ರಾಜೋಪಾಧ್ಯೆ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿದರು, ಪ್ರೋಗ್ರೆಸಿವ್ ಕಲಾವಿದರ ಗುಂಪಿನೊಂದಿಗೆ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದರು. ಹೊಟ್ಟೆಪಾಡಿಗೆ ಹೆಂಗಸರ ಪತ್ರಿಕೆಗಳಿಗೆ ಉಡುಪಿನ ಚಿತ್ರ ಬರೆಯುತ್ತಿದ್ದವರನ್ನು ಸಿನಿಮಾ ಸೆಳೆದುಕೊಂಡಿತು. 1956ರ 'ಸಿ.ಐ.ಡಿ.'ಯಿಂದ ಮುಂದೆ ಗುರುದತ್, ವಿಜಯ್ ಆನಂದ್, ರಾಜ್ ಕಪೂರ್ ಎಲ್ಲರಿಗೂ ಅವರೇ ಬೇಕು. 'ಆಮ್ರಪಾಲಿ'ಗೆ ಅಜಂತೆಯ ಗುಹೆಗಳ ಭಿತ್ತಿಚಿತ್ರ ಅಭ್ಯಾಸ ಮಾಡಿದರು. 'ವಕ್ತ್'ನಲ್ಲಿ ಸಾಧನಾ ತೊಟ್ಟ ಬಿಗಿ ಚೂಡಿದಾರ್ ದೇಶದ ಹುಡುಗಿಯರನ್ನೆಲ್ಲ ದರ್ಜಿಯ ಬಳಿ ಓಡಿಸಿತು. ಫ್ಯಾಷನ್ ಹುಟ್ಟಿಸುವ ಶಕ್ತಿಯಿದ್ದ ಕೈಯೇ 'ಗಾಂಧಿ'ಯಲ್ಲಿ ಯಾರ ಗಮನವನ್ನೂ ಕೇಳದ ಬಟ್ಟೆ ಮಾಡಿತು. ನನ್ನ ಮಟ್ಟಿಗೆ ಅವರ ದೊಡ್ಡತನ ಈ ಸಂಯಮದಲ್ಲಿದೆ.

ಅವರು ಆಸ್ಕರ್ ಪಡೆದಾಗ ಭಾರತದ ರಾಷ್ಟ್ರಪ್ರಶಸ್ತಿಗಳಲ್ಲಿ ವಸ್ತ್ರವಿನ್ಯಾಸಕ್ಕೆ ಜಾಗವೇ ಇರಲಿಲ್ಲ. ಅದು ಶುರುವಾದದ್ದು 1984ರ ಚಿತ್ರಗಳಿಂದ. ಭಾನು ಅವರಿಗೆ ಅದು 1990ರ 'ಲೇಕಿನ್'ಗೂ 2001ರ 'ಲಗಾನ್'ಗೂ ಬಂತು. 2012ರಲ್ಲಿ ಅವರು ಆಸ್ಕರ್ ಪ್ರತಿಮೆಯನ್ನು ಜೋಪಾನವಾಗಿರಲೆಂದು ಅಕಾಡೆಮಿಗೇ ಮರಳಿಸಿದರು. 2020ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ತಡವಾಗಿ ಬಂದರೂ ನಮ್ಮ ರಾಷ್ಟ್ರಪ್ರಶಸ್ತಿ, ಕಣ್ಣು ಕುಕ್ಕದ ಬಟ್ಟೆಯನ್ನು ಗುರುತಿಸುವ ವಿಷಯದಲ್ಲಿ, ಆಸ್ಕರ್‌ಗಿಂತ ಮುಂದೆ ಹೋದದ್ದುಂಟು. ಅದಕ್ಕೆ ಕನ್ನಡದ ಎರಡು ಚಿತ್ರಗಳು ಸಾಕ್ಷಿ; ಎರಡೂ ಗಿರೀಶ ಕಾಸರವಳ್ಳಿಯವರವು. 1997ರ 'ತಾಯಿ ಸಾಹೇಬ'ಕ್ಕೆ ವೈಶಾಲಿ ಕಾಸರವಳ್ಳಿ ಈ ಪ್ರಶಸ್ತಿ ಪಡೆದರು. ಸ್ವಾತಂತ್ರ್ಯದ ಆಚೀಚೆ ಹಬ್ಬಿದ ಕಥೆಯಲ್ಲಿ ಜಯಮಾಲಾ ಅಭಿನಯಿಸಿದ ಹೆಂಗಸಿನ ದಶಕಗಳನ್ನು ಸೀರೆಗಳೇ ದಾಟಿಸಬೇಕಿತ್ತು. ವೈಶಾಲಿ ಸ್ವತಃ ರಂಗಭೂಮಿ, ಸಿನಿಮಾಗಳ ನಟಿಯಾಗಿದ್ದರು. ಉಡುಪು ಮೈಗೆ ಏನು ಮಾಡುತ್ತದೆಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. 2004ರ 'ಹಸೀನಾ'ಕ್ಕೆ ಇಶ್ರತ್ ನಿಸಾರ್ ಪಡೆದರು. ಬಾನು ಮುಷ್ತಾಕ್ ಅವರ ಕಥೆಯನ್ನು ಆಧರಿಸಿದ ಆ ಚಿತ್ರದಲ್ಲಿ ಅರಮನೆಯಿಲ್ಲ, ಹಳೆಯ ಕಾಲವಿಲ್ಲ. ಗಂಡ ಕೈಬಿಟ್ಟ, ಹೆಣ್ಣುಮಕ್ಕಳ ಬಡ ತಾಯಿಯೊಬ್ಬಳು ಇದೇ ನಮ್ಮ ಕಾಲದಲ್ಲಿ ನ್ಯಾಯ ಕೇಳುತ್ತಾಳೆ. ಅವಳ ಬಟ್ಟೆಯಲ್ಲಿ ವಿನ್ಯಾಸವನ್ನು ಕಂಡ ತೀರ್ಪುಗಾರರಿಗೆ ಕಸುಬು ಅರ್ಥವಾಗಿತ್ತು.

ರಾಜನಿಗೆ ಕಿರೀಟ ತೊಡಿಸಿದ ಕೆಲಸಕ್ಕೆ ಚಪ್ಪಾಳೆ ತಾನಾಗಿ ಬೀಳುತ್ತದೆ. ಅದಕ್ಕೆ ಪ್ರಶಸ್ತಿಯ ನೆರವು ಬೇಡ. ಪ್ರಶಸ್ತಿ ಬೇಕಾಗಿರುವುದು ಪಾತ್ರದ ಮೈಗೆ ಅಂಟಿಹೋಗಿ ಪ್ರೇಕ್ಷಕನ ಗಮನದಿಂದ ಜಾರಿಹೋಗುವ ಕೆಲಸಕ್ಕೆ. ಮುಂದಿನ ಸಲ ಯಾವುದೇ ಚಿತ್ರ ನೋಡುವಾಗ ನಾಯಕಿಯ ಹೊಸ ಸೀರೆಯನ್ನು ಬಿಟ್ಟು, ಅವಳ ಹಿಂದೆ ನಿಂತ ಮನೆಗೆಲಸದವಳ ಸೆರಗು ಎಲ್ಲಿ ಮಾಸಿದೆ ನೋಡಿ. ಸರಿಯಾದ ಜಾಗದಲ್ಲಿ ಮಾಸಿದ್ದರೆ, ಚಿತ್ರ ಮುಗಿದ ಮೇಲೂ ಒಂದು ನಿಮಿಷ ಕೂತು, ತೆರೆಯ ಮೇಲೆ ಸರಿಯುವ ಹೆಸರುಗಳಲ್ಲಿ ಅದನ್ನು ಮಾಡಿದವರು ಯಾರೆಂದು ಓದಿಕೊಂಡು ಹೊರಡಿ.