ಕುಗ್ಗಿದ ಚಿತ್ರದಲ್ಲಿ ಕರಗುವ ಅಕ್ಷರ

‘ದನ’ ಮತ್ತು ‘ಧನ’ ಎಂಬ ಪದಗಳನ್ನು ಬೇರ್ಪಡಿಸುವುದು ಮೊದಲಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ಹಳೆಯ ವಿಭಾಗಪತ್ರವೊಂದರಲ್ಲಿ ಅಣ್ಣನ ಪಾಲಿಗೆ ಬಂದದ್ದು ಕೊಟ್ಟಿಗೆಯೋ ಪೆಟ್ಟಿಗೆಯೋ ಎಂಬುದನ್ನು ತೀರ್ಮಾನಿಸುವುದು ಆ ಸೀಳೇ. ಕಾಗದದ ಮೇಲೆ ಅದು ನೂರು ವರ್ಷ ಬಾಳಬಲ್ಲದು. ಅದೇ ಕಾಗದವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಒಪ್ಪಿಸಿದ ಮೇಲೆ ಅದರ ಆಯುಷ್ಯ ಎಷ್ಟೆಂಬುದು ಕಡತದ ಹೆಸರಿನ ಕೊನೆಯಲ್ಲಿ, ಚುಕ್ಕೆಯ ಆಚೆಗೆ ಬರುವ ಮೂರು ನಾಲ್ಕು ಅಕ್ಷರಗಳನ್ನು ಅವಲಂಬಿಸಿರುತ್ತದೆ. ಜೆಪೆಗ್, ಪಿಎನ್‌ಜಿ, ಟಿಫ್, ಗಿಫ್ ಎಂಬ ಈ ಹೆಸರುಗಳನ್ನು ನಾವು ದಿನವೂ ಕಾಣುತ್ತೇವೆ, ಆದರೆ ಆಯ್ಕೆ ಮಾಡುವುದು ಅಪರೂಪ. ಬಹುತೇಕ ಸಂದರ್ಭಗಳಲ್ಲಿ ನಮ್ಮ ಪರವಾಗಿ ಯಂತ್ರವೋ ಗುತ್ತಿಗೆದಾರನೋ ಆಯ್ಕೆ ಮಾಡಿ ಮುಗಿಸಿರುತ್ತಾನೆ.

ಕೆಲವು ವರ್ಷಗಳಿಂದ ನಾನು ಬಿಡುವಿನ ವೇಳೆಯಲ್ಲಿ ಪರಿಚಿತರ ಮನೆಗಳ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಕೊಡುತ್ತ ಬಂದಿದ್ದೇನೆ. ಕ್ರಯಪತ್ರ, ಜಾತಕ, ಕಡತದ ಹಾಳೆ, ಅಜ್ಜಿ ಬರೆದಿಟ್ಟ ಹಾಡಿನ ಪುಸ್ತಕ, ಅಂಗಡಿಯ ಲೆಕ್ಕದ ಖಾತೆ, ಹೀಗೆ ಏನೆಲ್ಲ ಬರುತ್ತದೆ. ತಂದವರು ಕೇಳುವ ಮೊದಲ ಪ್ರಶ್ನೆ ‘ಮೊಬೈಲಿನಲ್ಲಿ ತೆರೆಯುತ್ತದೆ ತಾನೇ?’ ಎಂಬುದು. ಚಿತ್ರ ತೆರೆಯುವುದು ಬೇರೆ, ಅದರೊಳಗೆ ಇದ್ದದ್ದು ಉಳಿಯುವುದು ಬೇರೆ ಎಂದು ವಿವರಿಸಲು ಹೊರಟರೆ ಹೆಚ್ಚಿನವರು ಸೌಜನ್ಯಕ್ಕಾಗಿ ತಲೆದೂಗುತ್ತಾರೆ. ಅಂದು ಅರ್ಧಕ್ಕೆ ನಿಂತ ಆ ವಿವರಣೆಯನ್ನು ಇಲ್ಲಿ ಪೂರ್ತಿಗೊಳಿಸುವ ಆಸೆ ನನ್ನದು.

ಕಂಪ್ಯೂಟರಿನ ಪಾಲಿಗೆ ಚಿತ್ರವೆಂದರೆ ಬಿಂದುಗಳ ಒಂದು ಹಾಸು. ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಸಂಖ್ಯೆಗಳು. 12 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದ ಒಂದು ಛಾಯಾಚಿತ್ರದಲ್ಲಿ 1.2 ಕೋಟಿ ಬಿಂದುಗಳಿರುತ್ತವೆ. ಇದ್ದದ್ದನ್ನು ಇದ್ದಂತೆಯೇ ಬರೆದಿಟ್ಟರೆ ಒಂದು ಚಿತ್ರಕ್ಕೆ ಸುಮಾರು 36 ಎಂಬಿ ಬೇಕು. ಆದರೆ ನಮ್ಮ ಮೊಬೈಲಿನಲ್ಲಿ ಅದು ಮೂರು ನಾಲ್ಕು ಎಂಬಿಯಲ್ಲಿ ಮುಗಿದಿರುತ್ತದೆ. ಉಳಿದ ಮೂವತ್ತಕ್ಕೂ ಹೆಚ್ಚು ಎಂಬಿ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಪ್ರಮುಖರು ಬೆಂಗಳೂರಿನಲ್ಲಿ 1940ರಲ್ಲಿ ಜನಿಸಿದ ನಾಸಿರ್ ಅಹ್ಮದ್ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿಲ್ಲ. ಇಂದು ಯುವಿಸಿಇ ಎಂದು ಕರೆಯಲಾಗುವ ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ಅವರು, ಕನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ಸಂಕೇತಗಳನ್ನು ಕುಗ್ಗಿಸುವ ಗಣಿತದ ಒಂದು ಹೊಸ ದಾರಿಯನ್ನು ಊಹಿಸಿದರು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಅರ್ಜಿ ಸಲ್ಲಿಸಿದಾಗ ಅದು ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಯಿತೆಂಬ ಅರ್ಥದ ಟಿಪ್ಪಣಿಯೊಂದು ಪರಿಶೀಲಕರಿಂದ ಬಂದಿತ್ತೆಂದು ಅಹ್ಮದ್ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅವರು ಕೈಬಿಡಲಿಲ್ಲ. ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಗೆಳೆಯ ಕೆ.ಆರ್. ರಾವ್ ಅವರೊಡನೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಪ್ರಬಂಧದ ಹೆಸರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’. 1986ರಲ್ಲಿ ರಚನೆಯಾಗಿ 1992ರಲ್ಲಿ ತನ್ನ ಮಾನಕವನ್ನು ಹೊರತಂದ ಛಾಯಾಚಿತ್ರ ತಜ್ಞರ ಜಂಟಿ ಸಮಿತಿ, ಅಂದರೆ ಜೆಪೆಗ್, ತನ್ನ ವಿಧಾನದ ತಿರುಳಾಗಿ ಇದನ್ನೇ ಇಟ್ಟುಕೊಂಡಿತು. 2021ರಲ್ಲಿ ಅಮೆರಿಕದ ಜನಪ್ರಿಯ ಟಿ.ವಿ. ಧಾರಾವಾಹಿಯೊಂದು ಅಹ್ಮದ್ ದಂಪತಿಯ ಕಥೆಯನ್ನು ತನ್ನ ಕಂತಿನಲ್ಲಿ ಅಳವಡಿಸಿಕೊಂಡಿತು. ಅವರು ಓದಿದ ಊರಿನಲ್ಲಿ ಅವರ ಹೆಸರು ಇಷ್ಟು ಅಪರಿಚಿತವಾಗಿ ಉಳಿದಿರುವುದು ಸೋಜಿಗವೇ ಸರಿ.

ಅವರ ಗಣಿತ ಮಾಡುವ ಕೆಲಸವನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳಬಹುದು. ಸಾರಿನ ರುಚಿಯನ್ನು ಒಂದೊಂದು ಚಮಚೆ ಸವಿದು ವರ್ಣಿಸುವುದು ಒಂದು ಬಗೆ. ಬೇಳೆ ಇಷ್ಟು, ಹುಣಿಸೆ ಇಷ್ಟು, ಮೆಣಸು ಇಷ್ಟು ಎಂದು ಪ್ರಮಾಣ ಬರೆದಿಡುವುದು ಇನ್ನೊಂದು. ಜೆಪೆಗ್ ಎರಡನೆಯದನ್ನು ಆಯ್ದುಕೊಂಡಿದೆ. ಅದು ಚಿತ್ರವನ್ನು ಉದ್ದಕ್ಕೆ 8, ಅಡ್ಡಕ್ಕೆ 8 ಬಿಂದುಗಳ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕವನ್ನೂ ನಯವಾದ ಅಲೆಯಿಂದ ಒರಟು ಅಲೆಯವರೆಗಿನ 64 ನಕ್ಷೆಗಳ ಮಿಶ್ರಣವೆಂದು ಬಗೆದು ಆ ಪ್ರಮಾಣಗಳನ್ನು ಲೆಕ್ಕ ಹಾಕುತ್ತದೆ. ಆಮೇಲೆ ನಡೆಯುವುದೇ ನಿಜವಾದ ಜಾಣ್ಮೆ: ಚಿಟಿಕೆ ಪ್ರಮಾಣದಲ್ಲಿರುವ ಸೂಕ್ಷ್ಮ ಅಲೆಗಳನ್ನು ಸೊನ್ನೆಯೆಂದು ಬರೆದು ಕೈಬಿಡುವುದು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲವಾದ್ದರಿಂದ ಬಣ್ಣದ ವಿವರಗಳನ್ನು ಇನ್ನಷ್ಟು ಧಾರಾಳವಾಗಿ ಕತ್ತರಿಸಲಾಗುತ್ತದೆ. ಮೋಡ, ಮುಖ, ಹಸಿರು ಗದ್ದೆಗಳ ಚಿತ್ರದಲ್ಲಿ ಈ ಕಳವು ನಮ್ಮ ಅರಿವಿಗೇ ಬರುವುದಿಲ್ಲ. ಅಂತರ್ಜಾಲದಲ್ಲಿ ಛಾಯಾಚಿತ್ರಗಳ ಸಂಚಾರ ಸಾಧ್ಯವಾದದ್ದೇ ಈ ಸಜ್ಜನ ಕಳ್ಳನಿಂದ.

ಆದರೆ ಕೆಲವು ಸಾರಿನಲ್ಲಿ ಇಂಗಿನ ಚಿಟಿಕೆಯೇ ಜೀವ. ಬರಹದ ಚಿತ್ರ ಅಂಥದ್ದು. ಬಿಳಿಯ ಹಾಳೆಯಿಂದ ಕಪ್ಪು ಗೆರೆಗೆ ಬಣ್ಣ ಥಟ್ಟನೆ ಜಿಗಿಯುವ ಅಂಚುಗಳೇ ಅಕ್ಷರದ ಸರ್ವಸ್ವ, ಮತ್ತು ಆ ಜಿಗಿತವನ್ನು ಹಿಡಿದಿಡಲು ಬೇಕಾಗಿರುವುದು ಜೆಪೆಗ್ ಮೊದಲು ಕೈಬಿಡುವ ಸೂಕ್ಷ್ಮ ಅಲೆಗಳೇ. ಹೆಚ್ಚು ಕುಗ್ಗಿಸಿದ ಜೆಪೆಗ್ ಪುಟವನ್ನು ದೊಡ್ಡದು ಮಾಡಿ ನೋಡಿ: ಅಕ್ಷರಗಳ ಸುತ್ತ ನುಸಿ ಮುತ್ತಿದಂತೆ ಬೂದುಬಣ್ಣದ ಕಲೆಗಳು ಕಾಣುತ್ತವೆ. ರೋಮನ್ ಲಿಪಿಗಿಂತ ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು ಎಂಬುದು ನನ್ನ ಅನುಭವ. ನಮ್ಮಲ್ಲಿ ಅರ್ಥ ಅಡಗಿರುವುದು ಒತ್ತಕ್ಷರದ ಕೊಕ್ಕೆಯಲ್ಲಿ, ‘ಷ’ಕಾರದ ಹೊಟ್ಟೆಯ ಗೆರೆಯಲ್ಲಿ, ಮಹಾಪ್ರಾಣದ ಸೀಳಿನಲ್ಲಿ. ಹಳೆಯ ಲೆಕ್ಕಪತ್ರಗಳಲ್ಲಿ ಕನ್ನಡದ ‘೬’ ಮತ್ತು ‘೯’ ಅಂಕಿಗಳನ್ನು ಬೇರ್ಪಡಿಸುವುದೂ ಇಂಥದೇ ಒಂದು ತಿರುವು. ಶಾಯಿ ಮೊದಲೇ ಮಾಸಿದ್ದರೆ ಕೇಳುವುದೇ ಬೇಡ.

ಒಂದು ತಪ್ಪು ಕಲ್ಪನೆಯನ್ನು ಇಲ್ಲಿ ನಿವಾರಿಸಬೇಕು. ಜೆಪೆಗ್ ಕಡತವನ್ನು ನೂರು ಬಾರಿ ನಕಲು ಮಾಡಿದರೂ ಅದು ಸವೆಯುವುದಿಲ್ಲ. ಸವೆಯುವುದು ಅದನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದಾಗ. ಪ್ರತಿ ಸಲವೂ ಹೊಸದಾಗಿ ಚೌಕಗಳ ಲೆಕ್ಕ ನಡೆದು ಮತ್ತಷ್ಟು ವಿವರ ಬಿದ್ದುಹೋಗುತ್ತದೆ. ವಾಟ್ಸ್‌ಆಪ್‌ನಲ್ಲಿ ಫೋಟೊ ಎಂದು ಕಳುಹಿಸಿದ ಚಿತ್ರವೂ ದಾರಿಯಲ್ಲಿ ಹೀಗೆಯೇ ಕುಗ್ಗುತ್ತದೆ. ಅದನ್ನೇ ‘ಡಾಕ್ಯುಮೆಂಟ್’ ಎಂದು ಲಗತ್ತಿಸಿದರೆ ಮೂಲಸ್ಥಿತಿಯಲ್ಲಿ ತಲುಪುತ್ತದೆ. ಇನ್ನು ಸರ್ಕಾರಿ ಅರ್ಜಿಗಳ ಜಾಲತಾಣಗಳು ‘50 ಕೆಬಿ ಮೀರದ ಜೆಪೆಗ್’ ಕೇಳುತ್ತವೆ. ಅರ್ಜಿಯ ಭಾವಚಿತ್ರಕ್ಕೆ ಅಷ್ಟು ಸಾಕು. ಆದರೆ ಅರ್ಜಿಗೆಂದು ಹಿಂಡಿ ಕುಗ್ಗಿಸಿದ ಅಂಕಪಟ್ಟಿಯ ಪ್ರತಿಯನ್ನೇ ಉಳಿಸಿಕೊಂಡು ಮೂಲ ಸ್ಕ್ಯಾನ್ ಅಳಿಸಿಹಾಕುವ ರೂಢಿ ಮನೆಮನೆಯಲ್ಲೂ ಬೆಳೆದಿದೆ.

ಏನನ್ನೂ ಕೈಬಿಡದೆ ಕುಗ್ಗಿಸುವ ವಿಧಾನಗಳೂ ಇವೆ. ಕಂಪ್ಯೂಸರ್ವ್ ಎಂಬ ಅಮೆರಿಕನ್ ಸಂಸ್ಥೆಯಲ್ಲಿ ಸ್ಟೀವ್ ವಿಲ್ಹೈಟ್ ನೇತೃತ್ವದಲ್ಲಿ 1987ರಲ್ಲಿ ಹುಟ್ಟಿದ ‘ಗಿಫ್’ ಮಾದರಿ ಒಂದು ಚಿತ್ರದಲ್ಲಿ ಗರಿಷ್ಠ 256 ಬಣ್ಣಗಳನ್ನಷ್ಟೇ ಬಲ್ಲದು, ಆದರೆ ಅಷ್ಟರೊಳಗೆ ಪ್ರಾಮಾಣಿಕ. ಇಂದು ಕುಣಿಯುವ ಬೆಕ್ಕಿನ ಮರಿಗಳಿಗೂ ಶುಭೋದಯದ ಹೂಗಳಿಗೂ ಅದು ಮೀಸಲಾಗಿದೆ. ಅದನ್ನು ‘ಜಿಫ್’ ಎಂದೇ ಉಚ್ಚರಿಸಬೇಕೆಂದು ವಿಲ್ಹೈಟ್ 2013ರಲ್ಲಿ ಪ್ರಶಸ್ತಿ ಸ್ವೀಕರಿಸುವಾಗ ಸಾರಿದರು, ಲೋಕ ಕೇಳಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರು ಈ ಜಗಳದಿಂದ ನುಣುಚಿಕೊಳ್ಳಬಹುದು, ಕನ್ನಡದಲ್ಲಿ ಬರೆಯುವವರು ಪಕ್ಷ ವಹಿಸಲೇಬೇಕು. ಗಿಫ್ ಬಳಸುವ ಸಂಕೋಚನ ವಿಧಾನದ ಹಕ್ಕುಸ್ವಾಮ್ಯ ತನ್ನದೆಂದು ಯೂನಿಸಿಸ್ ಕಂಪನಿ ಹಣ ಕೇಳತೊಡಗಿದ ಸುದ್ದಿ 1994ರ ಕೊನೆಯಲ್ಲಿ ಹೊರಬಿದ್ದಾಗ ತಂತ್ರಜ್ಞರು ಸಿಟ್ಟಾದರು. ಕೆಲವೇ ದಿನಗಳಲ್ಲಿ, 1995ರ ಜನವರಿಯಲ್ಲಿ, ಥಾಮಸ್ ಬೂಟೆಲ್ ಮೊದಲಾದವರು ಯಾರ ಹಂಗೂ ಇಲ್ಲದ ಹೊಸ ಮಾದರಿಯ ಕೆಲಸ ಆರಂಭಿಸಿದರು. ಅದೇ ಪಿಎನ್‌ಜಿ. ಲಕ್ಷಾಂತರ ಬಣ್ಣ, ಒಂದು ಬಿಂದುವಿನ ನಷ್ಟವೂ ಇಲ್ಲ, ಶುಲ್ಕವೂ ಇಲ್ಲ. ಮುದ್ರಿತ ಪುಟ, ನಕ್ಷೆ, ರೇಖಾಚಿತ್ರಗಳಿಗೆ ಇಂದಿಗೂ ನನ್ನ ಮೊದಲ ಸಲಹೆ ಇದೇ.

ಗ್ರಂಥಾಲಯಗಳು ಮೆಚ್ಚಿಕೊಂಡಿರುವುದು 1986ರಲ್ಲಿ ಆಲ್ಡಸ್ ಕಂಪನಿ ರೂಪಿಸಿದ ‘ಟಿಫ್’ ಮಾದರಿಯನ್ನು. ಅದರ ಕಡತಗಳು ಭಾರಿ ಗಾತ್ರದವು. ಎ4 ಅಳತೆಯ ಪುಟವನ್ನು ಅಂಗುಲಕ್ಕೆ 300 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸಂಕೋಚನವಿಲ್ಲದೆ 26 ಎಂಬಿ ಆಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿದ್ದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಜಾಲತಾಣದಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಓದಿದವರಿಗೆ ಇದರ ನೆನಪಿರಬಹುದು. ಒಂದೊಂದು ಪುಟವೂ ಒಂದೊಂದು ಟಿಫ್ ಕಡತ, ತೆರೆಯಲು ಪ್ರತ್ಯೇಕ ತಂತ್ರಾಂಶ, ಪುಟಕ್ಕೊಮ್ಮೆ ಕಾಯುವ ತಪಸ್ಸು. ಅಂದು ಅದನ್ನು ಶಪಿಸಿದವರೇ ಹೆಚ್ಚು. ಆ ತಾಣ ಈಗಿಲ್ಲ. ಅದರ ಬಹಳಷ್ಟು ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಓದಲು ಸಿಗುತ್ತವೆ. ಹಾಗೆಂದು ಟಿಫ್ ಸಂಜೀವಿನಿಯೇನೂ ಅಲ್ಲ. ಪುಟವನ್ನು ಬರಿಯ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಮಾಸಿದ ಗೆರೆ ಯಂತ್ರದ ದೃಷ್ಟಿಯಲ್ಲಿ ಬಿಳಿಯಾಗಿಬಿಡುತ್ತದೆ, ಹಾಳೆಯ ಕಲೆ ಅಕ್ಷರವಾಗಿಬಿಡುತ್ತದೆ. ಒಮ್ಮೆ ಹೋದದ್ದನ್ನು ಯಾವ ಮಾದರಿಯೂ ಮರಳಿ ತರಲಾರದು.

ವಿವರ ಮಸುಕಾದರೆ ಓದುವವನಿಗೆ ಅನುಮಾನವಾದರೂ ಬರುತ್ತದೆ. ಅದಕ್ಕಿಂತ ಅಪಾಯದ ಪ್ರಸಂಗವೊಂದು 2013ರಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂತು. ಕಟ್ಟಡವೊಂದರ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ ಮೂರು ಕೋಣೆಗಳ ವಿಸ್ತೀರ್ಣವೂ 14.13 ಚದರ ಮೀಟರ್ ಎಂದೇ ಬಂದಿತ್ತು. ಮೂಲದಲ್ಲಿ ಇದ್ದದ್ದು 14.13, 21.11 ಮತ್ತು 17.42. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಬೆನ್ನುಹತ್ತಿ ನೋಡಿದಾಗ ಕಾರಣ ಸಿಕ್ಕಿತು. ‘ಜೆಬಿಗ್2’ ಎಂಬ ಸಂಕೋಚನ ವಿಧಾನವನ್ನು ಬಳಸುವಾಗ ಆ ಯಂತ್ರ ಪುಟದಲ್ಲಿ ಒಂದೇ ಬಗೆಯಾಗಿ ಕಾಣುವ ಆಕೃತಿಗಳನ್ನು ಹುಡುಕಿ, ಒಂದರ ಚಿತ್ರವನ್ನಷ್ಟೇ ಉಳಿಸಿ, ಉಳಿದ ಕಡೆಗಳಲ್ಲಿ ಅದನ್ನೇ ಅಚ್ಚೊತ್ತುತ್ತಿತ್ತು. ಹೋಲಿಕೆ ತಪ್ಪಿದರೆ 6 ಹೋಗಿ 8 ಬರುತ್ತದೆ, ಅದೂ ಕಿಂಚಿತ್ತೂ ಮಸುಕಿಲ್ಲದೆ, ಮೂಲಕ್ಕಿಂತ ಸ್ವಚ್ಛವಾಗಿ. ಕಂಪನಿ ತಂತ್ರಾಂಶವನ್ನು ತಿದ್ದಿ ಬಿಡುಗಡೆ ಮಾಡಿತು. ಮೂಲ ಕಾಗದವನ್ನು ನಾಶಮಾಡಿ ಸ್ಕ್ಯಾನ್ ಪ್ರತಿಯನ್ನಷ್ಟೇ ಇಟ್ಟುಕೊಳ್ಳುವ ಕಡೆಗಳಲ್ಲಿ ಈ ವಿಧಾನವನ್ನು ಬಳಸಲೇಬಾರದೆಂದು ಜರ್ಮನಿಯ ಮಾಹಿತಿ ಸುರಕ್ಷತಾ ಕಚೇರಿಯ ಮಾರ್ಗಸೂಚಿ ಹೇಳುತ್ತದೆ.

ಅಂಕಿಗಳು ಹತ್ತೇ ಹತ್ತು ಇರುವಾಗ ಹೀಗಾದರೆ, ಕಾಗುಣಿತ, ಒತ್ತಕ್ಷರಗಳಿಂದ ಕೂಡಿದ ಲಿಪಿಯಲ್ಲಿ ‘ದ’ ಮತ್ತು ‘ಧ’ಗಳನ್ನು ಒಂದೇ ಆಕೃತಿಯೆಂದು ಯಂತ್ರ ಬಗೆಯದೆಂದು ಹೇಗೆ ನಂಬುವುದು? ಇನ್ನೊಂದು ತೊಡಕೆಂದರೆ, ನಮ್ಮ ಕೈಗೆ ಬರುವ ಸ್ಕ್ಯಾನ್ ಪ್ರತಿ ಸಾಮಾನ್ಯವಾಗಿ ಪಿಡಿಎಫ್. ಪಿಡಿಎಫ್ ಎಂಬುದು ಲಕೋಟೆ ಮಾತ್ರ. ಒಳಗಿನ ಚಿತ್ರ ಜೆಪೆಗ್ ಆಗಿರಬಹುದು, ಜೆಬಿಗ್2 ಆಗಿರಬಹುದು, ನಷ್ಟವಿಲ್ಲದ ಬೇರೆ ಮಾದರಿಯೂ ಆಗಿರಬಹುದು. ಮೇಲಿನಿಂದ ನೋಡಿದವರಿಗೆ ತಿಳಿಯದು.

ಒಂದು ಸಂಸ್ಥೆಯ ಅನುಭವ ಹೇಳುತ್ತೇನೆ, ಹೆಸರು ಬೇಡ. ಬಹಳ ವರ್ಷಗಳ ಸಭಾನಡಾವಳಿ ಪುಸ್ತಕಗಳನ್ನು ಅವರು ಗುತ್ತಿಗೆಯ ಮೇಲೆ ಸ್ಕ್ಯಾನ್ ಮಾಡಿಸಿ, ಜಾಗ ಸಾಲದೆಂದು ಮೂಲವನ್ನು ರದ್ದಿಗೆ ಹಾಕಿದ್ದರು. ಸದಸ್ಯರೊಬ್ಬರ ಸೇರ್ಪಡೆಯ ದಿನಾಂಕ ಬೇಕಾಗಿ ನನಗೆ ಕಳುಹಿಸಿದ ಪುಟ 60 ಕೆಬಿಯ ಜೆಪೆಗ್. ಪೆನ್ಸಿಲಿನಲ್ಲಿ ಬರೆದ ಅಂಚಿನ ಟಿಪ್ಪಣಿಗಳಿದ್ದಲ್ಲಿ ಬೂದು ಚೌಕಗಳಷ್ಟೇ ಇದ್ದವು. ದಿನಾಂಕದ ಅಂಕಿಯನ್ನು ಊಹಿಸಬಹುದಿತ್ತು, ಓದಲಾಗುತ್ತಿರಲಿಲ್ಲ. ಊಹೆಯನ್ನು ಬರೆದುಕೊಡಲು ನಾನು ಒಪ್ಪಲಿಲ್ಲ. ಗುತ್ತಿಗೆಯ ಕರಾರಿನಲ್ಲಿ ಪುಟಕ್ಕೆಷ್ಟು ದರ, ಎಷ್ಟು ದಿನದೊಳಗೆ ಎಂಬುದೆಲ್ಲ ಇತ್ತು. ಚಿತ್ರ ಯಾವ ಮಾದರಿಯಲ್ಲಿರಬೇಕೆಂಬ ಸಾಲೇ ಇರಲಿಲ್ಲ.

ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕಾರ್ಯ 2024ರಲ್ಲಿ ಆರಂಭವಾಗಿದೆ. ಮಠಗಳು, ಸಹಕಾರ ಸಂಘಗಳು, ಹಳೆಯ ಶಾಲೆಗಳು ಕೂಡ ತಮ್ಮ ಕಪಾಟುಗಳನ್ನು ಕಂಪ್ಯೂಟರಿಗೆ ಏರಿಸತೊಡಗಿವೆ. ಸ್ವಾಗತಾರ್ಹವೇ. ಇಲಿ, ಗೆದ್ದಲು, ಸೋರುವ ಹೆಂಚುಗಳಿಗಿಂತ ಜೆಪೆಗ್ ಎಷ್ಟೋ ಮೇಲು. ಆದರೆ ಜಾಗದ ಅಭಾವವೆಂಬ ಹಳೆಯ ನೆಪ ಈಗ ನಿಲ್ಲುವುದಿಲ್ಲ. ಕೆಲವು ಸಾವಿರ ರೂಪಾಯಿಗೆ ಸಿಗುವ ಒಂದು ಟೆರಾಬೈಟ್ ಡಿಸ್ಕಿನಲ್ಲಿ ಮೇಲೆ ಹೇಳಿದ 26 ಎಂಬಿಯ ಪುಟಗಳು ಸುಮಾರು 38 ಸಾವಿರ ಹಿಡಿಸುತ್ತವೆ. ನಷ್ಟವಿಲ್ಲದ ಸಂಕೋಚನ ಬಳಸಿದರೆ ಇನ್ನೂ ಹೆಚ್ಚು.

ಹೊಸ ಮಾದರಿಗಳು ಬರುತ್ತಲೇ ಇವೆ. 2010ರಲ್ಲಿ ಗೂಗಲ್ ತಂದ ವೆಬ್‌ಪಿ, 2017ರಿಂದ ಐಫೋನುಗಳು ಬಳಸುತ್ತಿರುವ ಹೈಕ್ ಎರಡೂ ಜೆಪೆಗ್‌ಗಿಂತ ಮಿತವ್ಯಯಿಗಳು. ಆದರೆ ಹೈಕ್‌ನ ಬೆನ್ನಿಗೆ ಮತ್ತೆ ಹಕ್ಕುಸ್ವಾಮ್ಯಗಳ ಗಂಟಿದೆ, ಎಲ್ಲ ಕಂಪ್ಯೂಟರುಗಳೂ ಅದನ್ನು ಸಲೀಸಾಗಿ ತೆರೆಯುವುದಿಲ್ಲ. ದಿನಬಳಕೆಗೆ ಯಾವುದಾದರೂ ನಡೆದೀತು. ದಾಖಲೆಗೆಂದಾದರೆ ನಾನು ಪಾಲಿಸುತ್ತಿರುವ ಕ್ರಮ ಸರಳ: ಬಣ್ಣದಲ್ಲಿ ಸ್ಕ್ಯಾನ್, ಟಿಫ್ ಅಥವಾ ಪಿಎನ್‌ಜಿಯಲ್ಲಿ ಒಂದು ಮೂಲಪ್ರತಿ, ಅದನ್ನು ಎರಡು ಬೇರೆ ಮನೆಗಳಲ್ಲಿರುವ ಎರಡು ಡಿಸ್ಕುಗಳಲ್ಲಿ ಇಡುವುದು. ಮೊಬೈಲಿನಲ್ಲಿ ನೋಡಲು ಬೇಕೆಂದವರಿಗೆ ಅದರಿಂದಲೇ ತೆಗೆದ ಜೆಪೆಗ್ ಕೊಡುತ್ತೇನೆ. ಕಾಗದವನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಮನೆಯವರ ಕೈಗೇ ಮರಳಿಸುತ್ತೇನೆ, ಎಸೆಯಬೇಡಿ ಎಂಬ ಚೀಟಿಯೊಡನೆ.